13ಕ್ಕೆ ಚಾಂಪಿಯನ್, 16ಕ್ಕೆ ರಿಟೈರ್, 19ಕ್ಕೆ ವರ್ಲ್ಡ್ ಚಾಂಪಿಯನ್... ಈ ಅಲಿಸಾ ಲಿಯು ಕಥೆ ನಿಜಾನಾ? (ಮಗಳು ಸ್ಕೇಟಿಂಗ್ ಬಿಡ್ತೀನಿ ಅಂತಿದಾಳೆ)

ಸ್ಕೂಟಿ_ಅಮ್ಮ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಓದಿ ಪ್ಲೀಸ್. ನಾವು ಹಾಸನದವರು. ಮಗಳಿಗೆ 13, ಈ ಜೂನಲ್ಲಿ ಎಂಟನೇ ಕ್ಲಾಸಿಗೆ ಬಂದಳು. ಆರನೇ ವಯಸ್ಸಿಂದ ರೋಲರ್ ಸ್ಕೇಟಿಂಗ್ ಮಾಡ್ತಾಳೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಡಿಸೆಂಬರ್ ಚಳೀಲಿ ಮಂಕಿ ಕ್ಯಾಪ್ ಹಾಕಿ, ಸ್ಕೂಟಿ ಹಿಂದೆ ಕೂರಿಸ್ಕೊಂಡು, ಆ ಮಂಜಲ್ಲಿ ಮುಂದೆ ಹೋಗೋ ಗಾಡಿನೂ ಕಾಣಲ್ಲ, ಹಾರ್ನ್ ಹೊಡ್ಕೊಂಡೇ ಕ್ಲಾಸಿಗೆ ಕರ್ಕೊಂಡ್ ಹೋಗಿದೀನಿ, ಏಳು ವರ್ಷ. ಶೂ ಮೂರು ಸಲ ಬದಲಾಯ್ತು, ಕಾಲು ಬೆಳೀತಾನೇ ಇರುತ್ತಲ್ಲ, ಕೊನೇ ಜೊತೆ 18 ಸಾವಿರ, ಚೀಟಿ ಎತ್ತಿ ಕೊಡಿಸಿದ್ದು. ಜಿಲ್ಲಾ ಮಟ್ಟದಲ್ಲಿ ಫಸ್ಟ್ ಬಂದಿದಾಳೆ, ಸ್ಟೇಟಲ್ಲಿ ಒಂದ್ಸಲ ಮೂರನೇದು.

ಈಗ ಹದಿನೈದು ದಿನದಿಂದ ಒಂದೇ ಹಠ, ನಂಗೆ ಬೇಡ. ಯಾಕೆ ಅಂದ್ರೆ "ಸುಮ್ನೆ". ಗದರಿಸಿ ಕೇಳಿದ್ರೂ ಸುಮ್ನೆ, ಮುದ್ದು ಮಾಡಿ ಕೇಳಿದ್ರೂ ಸುಮ್ನೆ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ್ಲು. ಯಾರೋ ಅಮೆರಿಕಾದ ಹುಡುಗಿ, ತಲೆಕೂದಲಿಗೆ ಬಳೆ ಬಳೆ ಥರ ಬಣ್ಣ ಹಚ್ಕೊಂಡಿದಾಳೆ, ಐಸ್ ಮೇಲೆ ಸ್ಕೇಟಿಂಗ್. "ನೋಡಮ್ಮ, ಇವಳು ನನ್ ವಯಸ್ಸಿಗೇ ಚಾಂಪಿಯನ್ನು, 16ಕ್ಕೆ ಬಿಟ್ಟೇ ಬಿಟ್ಲು, ಎರಡು ವರ್ಷ ಆರಾಮಾಗಿದ್ದು ಆಮೇಲೆ ಬಂದು ವರ್ಲ್ಡ್ ಚಾಂಪಿಯನ್ ಆದ್ಲು. ನಾನೂ ಬಿಡ್ತೀನಿ." ಇದು ಅವಳ ವಾದ. ನಮ್ಮೆಜಮಾನ್ರು ಮುದ್ದೆ ನುಂಗ್ತಾ "ಅದೆಲ್ಲ ವಾಟ್ಸಾಪಲ್ಲಿ ಕಟ್ಟಿದ ಕಥೆ, ಎರಡು ವರ್ಷ ಬಿಟ್ಟವರು ಯಾರ್ ವಾಪಸ್ ಬರ್ತಾರೆ" ಅಂದ್ಬಿಟ್ರು, ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಆ ಹುಡುಗಿ ಹೆಸರು ಅಲಿಸಾ ಲಿಯು ಅಂತೆ. ಗೊತ್ತಿರೋರು ಹೇಳಿ, ಇದು ನಿಜಾನಾ? ನಿಜ ಆದ್ರೆ ನಾನೇನ್ ಮಾಡ್ಲಿ?

---

ಐಸ್_ಹುಚ್ಚ:

ಅಕ್ಕ, ಕಥೆ ನಿಜ, ಭಾವನಿಗೆ ಹೇಳಿ. ನಾನೂ ಹಾಸನದವನೇ, ಈಗ ಬೆಂಗಳೂರಲ್ಲಿ ಕೆಲಸ. ಐಸ್ ಮೇಲೆ ಒಂದು ದಿನಾನೂ ಕಾಲಿಟ್ಟಿಲ್ಲ ಆದ್ರೆ ಫಿಗರ್ ಸ್ಕೇಟಿಂಗ್ ಅಂದ್ರೆ ಹುಚ್ಚು, ರಾತ್ರಿಯೆಲ್ಲ ಎದ್ದು ಕೂತು ನೋಡ್ತೀನಿ, ರೂಮ್‌ಮೇಟ್ ಬೈದು ಬೈದು ಸಾಕಾಗಿದಾನೆ.

ಹುಟ್ಟಿದ್ದು 2005 ಆಗಸ್ಟ್, ಕ್ಯಾಲಿಫೋರ್ನಿಯಾ. ಅಪ್ಪ ಆರ್ಥರ್ ಲಿಯು ಚೀನಾದವರು, 1989ರ ತಿಯಾನನ್ಮೆನ್ ಗಲಾಟೆ ಆದಮೇಲೆ ದೇಶ ಬಿಟ್ಟು ಅಮೆರಿಕಾ ಸೇರಿ ಲಾಯರ್ ಆದವರು, ಒಬ್ಬರೇ ಐದು ಮಕ್ಕಳನ್ನ ಸಾಕಿದವರು. ಅಲಿಸಾ ದೊಡ್ಡವಳು. ಅಪ್ಪನಿಗೆ ಮಿಶೆಲ್ ಕ್ವಾನ್ ಸ್ಕೇಟಿಂಗ್ ಅಂದ್ರೆ ಪ್ರಾಣ, ಅದಕ್ಕೆ ಮಗಳಿಗೆ ಐದು ವರ್ಷ ಆದಾಗ ಓಕ್ಲೆಂಡಿನ ರಿಂಕಿಗೆ (ಸ್ಕೇಟಿಂಗ್ ಮಾಡೋ ಐಸ್ ಅಂಗಳ) ಸೇರಿಸಿದ್ರು. ಅಲ್ಲಿಂದ ನಿಮ್ಮ ಸ್ಕೂಟಿ ಕಥೆನೇ, ಅವರದ್ದು ಕಾರು ಅಷ್ಟೇ.

2018ರಲ್ಲಿ, ಇನ್ನೂ 12, ಅಂತಾರಾಷ್ಟ್ರೀಯ ಕಾಂಪಿಟಿಷನಲ್ಲಿ ಟ್ರಿಪಲ್ ಆಕ್ಸೆಲ್ ಹಾರಿದ್ಲು. ಆಕ್ಸೆಲ್ ಅಂದ್ರೆ ಉಳಿದ ಜಂಪ್ ಥರ ಹಿಂದಕ್ಕೆ ಜಾರ್ತಾ ಹಾರೋದಲ್ಲ, ಎದುರು ಮುಖ ಮಾಡಿ ಹಾರೋದು, ಹಾಗಾಗಿ ಅರ್ಧ ಸುತ್ತು ಎಕ್ಸ್‌ಟ್ರಾ, ಮೂರೂವರೆ ಸುತ್ತು. 2019 ಜನವರಿ, ಡೆಟ್ರಾಯಿಟಲ್ಲಿ ನಡೆದ ಅಮೆರಿಕಾ ನ್ಯಾಷನಲ್ಸ್, 13 ವರ್ಷಕ್ಕೆ ಸೀನಿಯರ್ ಚಾಂಪಿಯನ್. ಅದಕ್ಕೂ ಮುಂಚೆ ಟಾರಾ ಲಿಪಿನ್ಸ್ಕಿ 14ಕ್ಕೆ ಗೆದ್ದಿದ್ದೇ ದಾಖಲೆ. ಎಷ್ಟು ಪುಟ್ಟವಳು ಅಂದ್ರೆ ಪೋಡಿಯಂ ಮೇಲಿನ ಮೆಟ್ಟಿಲು ಹತ್ತಕ್ಕೇ ಆಗ್ಲಿಲ್ಲ, ಎರಡನೇದು ಮೂರನೇದು ಬಂದ ಅಕ್ಕಂದಿರೇ ಕೈ ಕೊಟ್ಟು ಹತ್ತಿಸಿದ್ರು, ಆ ವಿಡಿಯೋ ಹುಡುಕಿ ನೋಡಿ, ಚೆನ್ನಾಗಿದೆ. ತಮಾಷೆ ಏನಂದ್ರೆ ದೇಶಕ್ಕೇ ಫಸ್ಟು ಆದ್ರೆ ವಯಸ್ಸು ಸಾಲದು ಅಂತ ಸೀನಿಯರ್ ವರ್ಲ್ಡ್ಸಿಗೆ (ವರ್ಲ್ಡ್ ಚಾಂಪಿಯನ್‌ಶಿಪ್) ಹೋಗೋ ಹಾಗಿಲ್ಲ. 2020ರಲ್ಲೂ ನ್ಯಾಷನಲ್ ಗೆದ್ಲು, ಆಗ್ಲೂ ಇಲ್ಲ.

ಆಮೇಲೆ ಕೊರೊನಾ, ಕೋಚ್ ಬದಲಾವಣೆ, ಊರು ಬದಲಾವಣೆ, ಮನೆ ಬಿಟ್ಟು ಕೊಲೊರಾಡೋದಲ್ಲಿ ಟ್ರೈನಿಂಗ್. 2022 ಫೆಬ್ರವರಿ ಬೀಜಿಂಗ್ ಒಲಿಂಪಿಕ್ಸಲ್ಲಿ ಏಳನೇದು, ರಷ್ಯಾದ ವಲಿಯೆವಾಳನ್ನ ಡೋಪಿಂಗ್ ಅಂತ ಆಮೇಲೆ ತೆಗೆದು ಹಾಕಿದ್ಮೇಲೆ ಆರನೇದು. ಮಾರ್ಚಲ್ಲಿ ವರ್ಲ್ಡ್ಸ್ ಕಂಚು. ಏಪ್ರಿಲಲ್ಲಿ ಇನ್‌ಸ್ಟಾಗ್ರಾಮಲ್ಲಿ ಒಂದು ಪೋಸ್ಟು, ನಾನು ರಿಟೈರ್ ಆಗ್ತಿದೀನಿ. 16 ವರ್ಷ! ನಮ್ಮಲ್ಲಿ ಆ ವಯಸ್ಸಿಗೆ ಪಿಯುಗೆ ಅಪ್ಲಿಕೇಶನ್ ಹಾಕ್ತಿರ್ತಾರೆ.

ಎರಡು ವರ್ಷ ಏನ್ ಮಾಡಿದ್ಲು? ಡ್ರೈವಿಂಗ್ ಕಲಿತ್ಲು, ಫ್ರೆಂಡ್ಸ್ ಜೊತೆ ನೇಪಾಳಕ್ಕೆ ಹೋಗಿ ಎವರೆಸ್ಟ್ ಬೇಸ್ ಕ್ಯಾಂಪ್‌ವರೆಗೂ ನಡೆದ್ಲು, ಲಾಸ್ ಏಂಜಲಿಸಲ್ಲಿ ಯುಸಿಎಲ್‌ಎ ಸೇರಿ ಸೈಕಾಲಜಿ. 2024 ಶುರುವಲ್ಲಿ ಫ್ರೆಂಡ್ಸ್ ಜೊತೆ ಹಿಮದಲ್ಲಿ ಸ್ಕೀಯಿಂಗಿಗೆ ಹೋದಾಗ ಆ ವೇಗಕ್ಕೆ ಹಳೇ ನೆನಪು ಮೈಯೆಲ್ಲ ಎದ್ದಿದೆ, ವಾಪಸ್ ಬಂದು ಒಂದಿನ ಸುಮ್ನೆ ಪಬ್ಲಿಕ್ ಸೆಷನ್ನಿಗೆ ರಿಂಕಿಗೆ ಹೋಗಿದಾಳೆ, ಡಬಲ್ ಆಕ್ಸೆಲ್ ಆಯ್ತು, ಟ್ರಿಪಲ್ ಸಾಲ್ಕೋ ಅನ್ನೋ ಇನ್ನೊಂದು ಜಂಪೂ ಆಯ್ತು. ಮಾರ್ಚಲ್ಲಿ ವಾಪಸ್ ಬರ್ತೀನಿ ಅಂದ್ಲು. 2025 ಜನವರಿ ನ್ಯಾಷನಲ್ಸಲ್ಲಿ ಎರಡನೇದು. ಮಾರ್ಚಲ್ಲಿ ಬಾಸ್ಟನ್ ವರ್ಲ್ಡ್ಸ್, ಮೂರು ವರ್ಷದಿಂದ ಬಿಡದೇ ಗೆಲ್ತಿದ್ದ ಜಪಾನಿನ ಕಾವೊರಿ ಸಕಾಮೊಟೊನೇ ಹಿಂದೆ ಹಾಕಿ 222.97 ಪಾಯಿಂಟ್, ಚಿನ್ನ. ಅಮೆರಿಕಾದ ಹೆಣ್ಮಕ್ಕಳಿಗೆ 2006ರಲ್ಲಿ ಕಿಮ್ಮಿ ಮೈಸ್ನರ್ ಗೆದ್ದ ಮೇಲೆ ಇದೇ ಮೊದಲು. ನಮಗಿಲ್ಲಿ ಬೆಳಗಿನ ಜಾವ, ನಾನು ಕೂಗಿದ್ದಕ್ಕೆ ಪಕ್ಕದ ಮನೆ ಲೈಟ್ ಹತ್ತಿತು.

---

ಘಾಟ್_ಸೆಕ್ಷನ್ (ಸಕಲೇಶಪುರ):

ಎಲ್ಲ ಸರಿ ತಮ್ಮ, ಬರ್ದಿರೋದು ಚೆನ್ನಾಗಿದೆ. ಆದ್ರೆ ಈ ಮೇಡಮ್ಮಿಗೆ ಅರ್ಧ ಕಥೆ ಹೇಳ್ದಂಗಾಯ್ತು. ಆ ಹುಡುಗಿ ಬಿಟ್ಟಿದ್ದಕ್ಕೆ ಗೆದ್ಲಾ? ಐದನೇ ವರ್ಷದಿಂದ 11 ವರ್ಷ ದಿನಾ ಐಸ್ ಮೇಲೆ ಇದ್ದಿದ್ದಕ್ಕೆ ಗೆದ್ಲು. ಬಿಟ್ಟು ವಾಪಸ್ ಬರ್ದೇ ಇರೋರ ವಿಡಿಯೋ ಯಾರೂ ಮಾಡಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಬೀಳಲ್ಲ. ನಮ್ಮನೇಲೇ ನೋಡಿ, ಮಗ ಶಟ್ಲ್ ಬಿಟ್ಟ, ಬ್ರೇಕ್ ತಗೋತೀನಿ ಅಂದ, ನಾಲ್ಕು ವರ್ಷ ಆಯ್ತು, ಬ್ರೇಕ್ ಇನ್ನೂ ಮುಗ್ದಿಲ್ಲ, ಸೋಫಾ ಮೇಲೆ ಮೊಬೈಲ್ ಹಿಡ್ಕೊಂಡು ಮಲಗಿರ್ತಾನೆ. ಮಕ್ಕಳು ಹೇಳ್ದಂಗೆಲ್ಲ ಕುಣಿದ್ರೆ ಆಗಲ್ಲ ಮೇಡಂ. ಎಸ್ಸೆಸ್ಸೆಲ್ಸಿವರೆಗಾದ್ರೂ ಎಳೀರಿ.

---

ಐಸ್_ಹುಚ್ಚ:

ಅಣ್ಣ ನೀವು ಹೇಳೋದು ಅರ್ಧ ಒಪ್ತೀನಿ. ವಾಪಸ್ ಬರ್ದೇ ಇರೋರೇ ಜಾಸ್ತಿ. ಯೂಲಿಯಾ ಲಿಪ್ನಿಟ್ಸ್ಕಾಯಾ ಅಂತ ರಷ್ಯಾದವಳು, 2014ರ ಸೋಚಿಲಿ 15ಕ್ಕೇ ಟೀಮ್ ಚಿನ್ನ, ಇಡೀ ಜಗತ್ತು ಅವಳ ಫೋಟೋ ಇಟ್ಕೊಂಡು ಕುಣೀತು, 2017ಕ್ಕೆ ಬಿಟ್ಲು, ಅಷ್ಟೊತ್ತಿಗೆ ಊಟ ಸೇರದ ಅನೊರೆಕ್ಸಿಯಾ ಕಾಯಿಲೆಗೆ ಟ್ರೀಟ್‌ಮೆಂಟ್ ತಗೊಂಡಿದ್ಲು. ಅದೇ ರಷ್ಯಾದ ಜಾಗಿಟೋವಾ 2018ರಲ್ಲಿ 15ಕ್ಕೆ ಒಲಿಂಪಿಕ್ ಚಿನ್ನ, 17ಕ್ಕೆ ನಿಲ್ಲಿಸಿದ್ಲು. ಡೋಪಿಂಗ್ ಅಂತ ಹೇಳಿದ್ನಲ್ಲ, ಆ ವಲಿಯೆವಾಗೂ ಬೀಜಿಂಗಲ್ಲಿ ಬರೀ 15. ಅದಾದ್ಮೇಲೇ ಇಂಟರ್‌ನ್ಯಾಷನಲ್ ಸ್ಕೇಟಿಂಗ್ ಯೂನಿಯನ್ನವರು 2022ರಲ್ಲಿ ಸೀನಿಯರಿಗೆ ಕನಿಷ್ಠ ವಯಸ್ಸು 15 ಇದ್ದಿದ್ದನ್ನ ಹಂತ ಹಂತವಾಗಿ 17 ಮಾಡಿದ್ರು.

ಆದ್ರೆ ಇವರನ್ನ ಯಾರೂ "ಎಸ್ಸೆಸ್ಸೆಲ್ಸಿವರೆಗೂ ಎಳೀರಿ" ಅಂತ ಎಳೀಲಿಲ್ಲ ಅಂತ ಅನ್ಕೊಂಡ್ರಾ? ಎಳೆದಿದ್ದಕ್ಕೇ ಹಿಂಗಾಗಿದ್ದು. ಅಲಿಸಾ ವಾಪಸ್ ಬಂದಿದ್ದು ಹೇಗೆ ಅನ್ನೋದನ್ನ ನೋಡಿ. ಈ ಸಲ ಹಾಡು ನಂದೇ ಆಯ್ಕೆ, ಡ್ರೆಸ್ಸಲ್ಲೂ ನನ್ನ ಮಾತು ನಡೀಬೇಕು, ಏನ್ ತಿನ್ಬೇಕು ಅಂತ ಯಾರೂ ಹೇಳೋ ಹಾಗಿಲ್ಲ ಅಂತ ಹೇಳ್ಕೊಂಡೇ ಬಂದಿದ್ದು. ಅಪ್ಪ ಮುಂಚಿನ ಹಾಗೆ ರಿಂಕ್ ಪಕ್ಕ ನಿಂತು ಎಲ್ಲ ನಡೆಸೋದು ನಿಂತಿದೆ.

---

ನಿವೃತ್ತ_ಪಿಟಿ_ಮೇಷ್ಟ್ರು (ಅರಸೀಕೆರೆ):

ಏನಮ್ಮ ತಾಯಿ, ನಂದು 34 ವರ್ಷ ಸರ್ವೀಸು, ಐಸ್ ಅಂದ್ರೆ ನಂಗೆ ಜಾತ್ರೇಲಿ ತಿನ್ನೋ ಐಸ್ ಕ್ಯಾಂಡಿ ಒಂದೇ ಗೊತ್ತಿರೋದು. ಆದ್ರೂ ಒಂದು ಮಾತು ಹೇಳ್ತೀನಿ, ಇದನ್ನ ಮನೇಲೂ ಹೇಳ್ಕೊಂಡಿಲ್ಲ ನಾನು.

ಒಂದು ಹುಡುಗಿ ಇದ್ಲು ನನ್ ಕೈಲಿ, ಎಂಟ್ನೇ ಕ್ಲಾಸು, ಬರಿಗಾಲಲ್ಲಿ 800 ಮೀಟ್ರು ಓಡಿದ್ರೆ ಹಿಂದಿರೋರು ಕಾಣ್ತಿರ್ಲಿಲ್ಲ. ನಾನೇನ್ ಮಾಡ್ದೆ ಅಂದ್ರೆ ಸ್ಕೂಲಿಗೆ ಪಾಯಿಂಟು ಬರ್ಲಿ, ಚಾಂಪಿಯನ್‌ಶಿಪ್ ಶೀಲ್ಡು ನಮ್ದೇ ಆಗ್ಲಿ ಅಂತ 800ಕ್ಕೂ ಅವ್ಳೇ, 1500ಕ್ಕೂ ಅವ್ಳೇ, ರಿಲೇಗೂ ಅವ್ಳೇ, ಸಾಯಂಕಾಲ ಖೋ ಖೋಗೂ ಅವ್ಳೇ. ತಾಲ್ಲೂಕು, ಜಿಲ್ಲೆ, ಡಿವಿಜನ್ನು, ಎಲ್ಲಾ ಕಡೆ ಹಂಗೇ. "ಸಾರ್ ಮಂಡಿ ನೋಯ್ತದೆ" ಅಂದ್ರೆ ಮೂವ್ ಹಚ್ಕೋ ಅಂತಿದ್ದೆ. ಹತ್ತನೇ ಕ್ಲಾಸಿಗೆ ಬರೋಹೊತ್ತಿಗೆ ಮೆಟ್ಲು ಹತ್ತಕ್ಕೂ ಕಷ್ಟ ಪಡ್ತಿದ್ಲು. ಶೀಲ್ಡು ಇನ್ನೂ ಹೆಡ್ ಮಾಸ್ಟ್ರು ರೂಮಲ್ಲಿ ಬೀರು ಮೇಲೈತೆ, ಧೂಳ್ ಹಿಡ್ಕಂಡು. ಹೋದ್ವರ್ಷ ಸಂತೇಲಿ ಸಿಕ್ಕಿದ್ಲು, ಸೊಂಟದ ಮೇಲೆ ಮಗ ಇತ್ತು, ನಮಸ್ಕಾರ ಸಾರ್ ಅಂದ್ಲು, ನಂಗೆ ಮುಖ ಎತ್ತಿ ನೋಡಕ್ಕಾಗ್ಲಿಲ್ಲ ಕಣಮ್ಮ.

"ಸುಮ್ನೆ" ಅಂದ್ರೆ ಸುಮ್ನೆ ಅಲ್ಲ. ಮೊದ್ಲು ಮಂಡಿ, ಸೊಂಟ, ಹಿಮ್ಮಡಿ ನೋವೈತಾ ಅಂತ ಕೇಳಿ. ತಿಂಗ್ಳಿನ ಮುಟ್ಟು ಶುರುವಾಗಿದ್ರೆ ಆ ದಿನಗಳಲ್ಲೂ ಪ್ರಾಕ್ಟೀಸಿಗೆ ನಿಲ್ಲಿಸ್ತಾವ್ರಾ ಕೇಳಿ. ಕೋಚು ಬೈತಾನಾ ಕೇಳಿ. ನೀವ್ ಕೇಳ್ಬ್ಯಾಡಿ, ಅವ್ಳ ಅತ್ತೇನೋ ಚಿಕ್ಕಮ್ಮನೋ ಇದ್ರೆ ಅವ್ರ ಕೈಲಿ ಕೇಳ್ಸಿ. ನಮ್ಮ ಕಡೆ ಒಂದೇ ಹೊಲ್ದಲ್ಲಿ ವರ್ಷಾ ವರ್ಷಾ ಆಲೂಗಡ್ಡೇನೇ ಇಟ್ರೆ ಅಂಗಮಾರಿ ಬಂದು ಬುಡಸಮೇತ ಹೋಗ್ತದೆ, ಒಂದ್ ವರ್ಷ ಬೀಳು ಬಿಡ್ಬೇಕು.

---

ಘಾಟ್_ಸೆಕ್ಷನ್ (ಸಕಲೇಶಪುರ):

ಮೇಷ್ಟ್ರೇ ಬೀಳು ಬಿಟ್ಟ ಹೊಲದಲ್ಲಿ ಕಾಂಗ್ರೆಸ್ ಗಿಡ ಎದ್ದಿರೋದನ್ನೂ ನೋಡಿದೀನಿ ನಾನು 😄 ಆದ್ರೆ ಆ ಹುಡುಗಿ ವಿಷಯ ಓದಿ ಒಂಥರಾ ಆಯ್ತು. ಮಂಡಿ ವಿಷಯ ಕೇಳಿ ಮೇಡಂ, ಅದನ್ನ ನಾನು ಯೋಚನೆ ಮಾಡಿರ್ಲಿಲ್ಲ.

---

ಸ್ಕೂಟಿ_ಅಮ್ಮ:

ಎಲ್ರಿಗೂ ಥ್ಯಾಂಕ್ಸ್. ಮೇಷ್ಟ್ರೇ ನೀವು ಬರ್ದಿದ್ದು ಓದಿ ಒಂದ್ ಹೊತ್ತು ಏನೂ ತೋಚಲಿಲ್ಲ. ನನ್ ತಂಗಿ ಚನ್ನರಾಯಪಟ್ಟಣದಲ್ಲಿದಾಳೆ, ಭಾನುವಾರ ಬರಕ್ಕೆ ಹೇಳಿದೀನಿ.

ಇಲ್ಲಿ ಬಂದಿರೋದನ್ನೆಲ್ಲ ಮಗಳಿಗೆ ಓದಿ ಹೇಳ್ದೆ, ಮಾತಾಡ್ದೇ ಇದ್ದೋಳು ಒಂದು ಪ್ರಶ್ನೆ ಕೇಳಿದ್ಲು, ಐಸ್ ಹುಚ್ಚ ಅಣ್ಣನ್ನ ಕೇಳು ಅಂತ: ಸಣ್ಣೋಳಿದ್ದಾಗ ಅಷ್ಟು ದೊಡ್ಡ ಜಂಪ್ ಹಾರ್ತಿದ್ಲು, ಗೆದ್ದ ವಿಡಿಯೋದಲ್ಲಿ ಎಣಿಸಿದ್ರೆ ಎಲ್ಲಾ ಮೂರೇ ಸುತ್ತು, ಆಕ್ಸೆಲ್ ಬರೀ ಡಬಲ್. ಮತ್ತೆ ಹೆಂಗ್ ಗೆದ್ಲು?

---

ಐಸ್_ಹುಚ್ಚ:

ಅಯ್ಯೋ ಎಂಥಾ ಪ್ರಶ್ನೆ! ಸುತ್ತು ಎಣಿಸ್ತಾ ಕೂತಿದಾಳೆ ಅಂದ್ರೆ ಅಕ್ಕ, ಸ್ಕೇಟಿಂಗ್ ಮೇಲೆ ಬೇಜಾರು ಬಂದಿರೋ ಹುಡುಗಿ ಅಲ್ಲ ಇವಳು, ಹೇಳ್ಬಿಡ್ತೀನಿ.

ಪುಟ್ಟಿ, ಸರಿಯಾಗಿ ಎಣಿಸಿದೀಯ. 2019 ಆಗಸ್ಟಲ್ಲಿ ಅವಳಿಗೆ ಆಗ ತಾನೇ 14, ಲೇಕ್ ಪ್ಲಾಸಿಡ್ ಜೂನಿಯರ್ ಗ್ರಾಂ ಪ್ರಿ ಅನ್ನೋ ಕಾಂಪಿಟಿಷನಲ್ಲಿ ಒಂದೇ ಪ್ರೋಗ್ರಾಮಲ್ಲಿ ಕ್ವಾಡ್ ಲುಟ್ಸ್, ಅಂದ್ರೆ ನಾಲ್ಕು ಸುತ್ತು, ಮತ್ತೆ ಟ್ರಿಪಲ್ ಆಕ್ಸೆಲ್ ಎರಡೂ ಹಾರಿದ್ಲು, ಹಾಗೆ ಮಾಡಿದ ಮೊದಲ ಹುಡುಗಿ. ಗಾಳಿಯಲ್ಲಿರೋದು ಮುಕ್ಕಾಲು ಸೆಕೆಂಡಿಗಿಂತ ಕಡಿಮೆ, ಅಷ್ಟರಲ್ಲಿ ನಾಲ್ಕು ಸುತ್ತು ಮುಗೀಬೇಕು. ಸಣ್ಣ ಮೈ, ಕಡ್ಡಿ ಥರ ಸೊಂಟ ಇದ್ರೆ ಕೈ ಎದೆಗೆ ಅಂಟಿಸಿದ ಕೂಡ್ಲೇ ಬುಗುರಿ ಹಾಗೆ ತಿರುಗುತ್ತೆ. ಉದ್ದ ಆದ್ಮೇಲೆ, ಮೈ ತುಂಬಿದ್ಮೇಲೆ ತಿರುಗೋ ವೇಗ ಇಳಿಯುತ್ತೆ, ಆ ಹಳೇ ಟೈಮಿಂಗ್ ಕೈ ಕೊಡುತ್ತೆ. ಇದು ಸೋಮಾರಿತನ ಅಲ್ಲ, ನಿನ್ನ ಸ್ಪೀಡೂ ಈ ವರ್ಷ ಕಡಿಮೆ ಆಗಿದ್ರೆ ಅದಕ್ಕೂ ಇದೇ ಕಾರಣ ಇರಬಹುದು ನೋಡ್ಕೋ.

ಪಾಯಿಂಟ್ ವಿಷಯ: ಕ್ವಾಡ್ ಲುಟ್ಸಿಗೆ ಬೇಸ್ ವ್ಯಾಲ್ಯೂ (ಆ ಜಂಪಿಗೆ ಇರೋ ಮೂಲ ಪಾಯಿಂಟ್) 11.5, ಟ್ರಿಪಲ್ ಆಕ್ಸೆಲಿಗೆ 8, ಟ್ರಿಪಲ್ ಲುಟ್ಸಿಗೆ 5.9, ಡಬಲ್ ಆಕ್ಸೆಲಿಗೆ 3.3. ನೋಡಕ್ಕೆ ಕ್ವಾಡ್ ಲಾಭ. ಆದ್ರೆ ಪ್ರತಿ ಜಂಪಿಗೂ ಜಡ್ಜುಗಳು ಮೈನಸ್ 5ರಿಂದ ಪ್ಲಸ್ 5ರವರೆಗೆ ಗ್ರೇಡ್ ಕೊಡ್ತಾರೆ, ಒಂದೊಂದು ಗ್ರೇಡಿಗೆ ಬೇಸಿನ ಹತ್ತು ಪರ್ಸೆಂಟ್. ಬಿದ್ರೆ ಗ್ರೇಡು ಮೈನಸ್ಸಿಗೆ ಹೋಗುತ್ತೆ, ಅದರ ಜೊತೆ ಬಿದ್ದಿದ್ದಕ್ಕೇ ಬೇರೆ ಕಟ್. ಪ್ರೋಗ್ರಾಮಿನ ದ್ವಿತೀಯಾರ್ಧದಲ್ಲಿ, ಉಸಿರು ಕಟ್ಟೋ ಹೊತ್ತಲ್ಲಿ ಹಾರೋ ಕೆಲವು ಜಂಪಿಗೆ ಹತ್ತು ಪರ್ಸೆಂಟ್ ಜಾಸ್ತಿ. ಇದರ ಜೊತೆ ಸ್ಕೇಟಿಂಗ್ ಸ್ಕಿಲ್ಸ್, ಕಂಪೋಸಿಷನ್, ಪ್ರೆಸೆಂಟೇಷನ್ ಅಂತ ಮೂರಕ್ಕೆ ಬೇರೆ ಮಾರ್ಕ್ಸ್. ಬಾಸ್ಟನಲ್ಲಿ ಅವಳು ಹಾರಿದ್ದೆಲ್ಲ ಬೀಳದೇ ನೀಟಾಗಿ ಇಳಿದ್ಲು, ಇಳಿದ ಮೇಲೂ ವೇಗ ಕಡಿಮೆ ಆಗ್ಲಿಲ್ಲ, 70ರ ದಶಕದ ಒಂದು ಡಿಸ್ಕೋ ಹಾಡಿಗೆ ನಗ್ತಾ ನಗ್ತಾ ಮಾಡಿದ್ಲು. 13ರ ವಿಡಿಯೋ, 19ರ ವಿಡಿಯೋ ಎರಡೂ ಪಕ್ಕ ಪಕ್ಕ ಇಟ್ಟು, ಕಾಲು ಬಿಟ್ಟು ಮುಖ ಮಾತ್ರ ನೋಡು.

---

ಬೇಲೂರು_ಮದನಿಕೆ:

ತಡವಾಗಿ ಬಂದೆ. ಅಕ್ಕ, ನಾನು ಬಿಟ್ಟು ವಾಪಸ್ ಬರ್ದೇ ಇರೋಳು, ನನ್ನ ವಿಡಿಯೋ ಯಾರೂ ಮಾಡಿಲ್ಲ, ಅದಕ್ಕೆ ನಾನೇ ಬರೀತೀನಿ.

ಮೈಸೂರಲ್ಲಿ ಅಜ್ಜಿ ಮನೇಲಿದ್ದು ಓದುವಾಗ ಆರ್ಟಿಸ್ಟಿಕ್ ರೋಲರ್ ಮಾಡ್ತಿದ್ದೆ, ಅಂದ್ರೆ ಫಿಗರ್ ಸ್ಕೇಟಿಂಗನ್ನೇ ಗಾಲಿ ಶೂ ಮೇಲೆ ಮಾಡೋದು. ಐಸ್‌ನವರ ಆಕ್ಸೆಲ್, ಲುಟ್ಸ್, ಸಾಲ್ಕೋ ಎಲ್ಲ ಹೆಸರೂ ನಮ್ಮಲ್ಲೂ ಅದೇ, ಅವರಿಗೆ ಬ್ಲೇಡ್ ತುದಿಯಲ್ಲಿ ಹಲ್ಲು, ನಮಗೆ ರಬ್ಬರ್ ಸ್ಟಾಪರ್. ಗಾಲಿ ಶೂ ಭಾರ ಬೇರೆ. ಎಷ್ಟೋ ಜನಕ್ಕೆ ಗೊತ್ತಿಲ್ಲ, 2010ರ ಗುವಾಂಗ್ಝೌ ಏಷ್ಯನ್ ಗೇಮ್ಸಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಇದರಲ್ಲೇ ಕಂಚು ತಂದ್ರು. 2023ರ ಹಾಂಗ್‌ಝೌದಲ್ಲಿ ಸ್ಪೀಡ್ ಸ್ಕೇಟಿಂಗ್ 3000 ಮೀಟರ್ ರಿಲೇಲಿ ನಮ್ಮ ಹುಡುಗರದ್ದೂ ಹುಡುಗಿಯರದ್ದೂ ಎರಡು ಕಂಚು. ನಿಮ್ಮ ಮಗಳು ಯಾವುದು, ಸ್ಪೀಡಾ? ಯಾಕೆ ಕೇಳ್ದೆ ಅಂದ್ರೆ ಸುತ್ತು ಎಣಿಸೋ ಹುಡುಗಿಗೆ ಸ್ಟಾಪ್‌ವಾಚ್ ಹಿಡಿದು ನಿಲ್ಲಿಸಿದ್ರೆ ಬೇಜಾರು ಬರ್ದೇ ಇರುತ್ತಾ. ನಮ್ಮೂರು ಬೇಲೂರು, ಗೈಡುಗಳು ದಿನಾ ತೋರಿಸೋ ದರ್ಪಣ ಸುಂದರಿ ಮುಂದೆ ನಿಂತು ಸೊಂಟ ಬಳುಕಿಸಿ ನಾನೂ ಹಾಗೇ ನಿಲ್ತಿದ್ದೆ ಚಿಕ್ಕವಳಿದ್ದಾಗ. ನಂಗೆ ಬೇಕಿದ್ದಿದ್ದು ಅದು, ಭಂಗಿ. ಮೆಡಲ್ ಅಲ್ಲ.

14ಕ್ಕೆ ಬಿಟ್ಟೆ. ಕಾರಣ ದೊಡ್ಡದೇನಲ್ಲ, ಟೈಟ್ ಕಾಸ್ಟ್ಯೂಮ್ ಹಾಕಕ್ಕೆ ಮುಜುಗರ ಆಗ್ತಿತ್ತು, ಯಾರಿಗೂ ಹೇಳಕ್ಕೆ ಬಾಯಿ ಬರ್ಲಿಲ್ಲ. "ಸುಮ್ನೆ" ಅಂದೆ. ಈಗ ಆರ್ಕಿಟೆಕ್ಟ್, ಚೆನ್ನಾಗೇ ಇದೀನಿ, ಕೆಲವೊಮ್ಮೆ ಮಾಲ್ ಗ್ರಾನೈಟ್ ನೆಲ ನೋಡಿದ್ರೆ ಕಾಲು ತುರಿಸುತ್ತೆ ಅಷ್ಟೇ.

ಐಸ್ ಬೇಕು ಅಂತ ಹಠ ಮಾಡಿದ್ರೆ ಮಾತ್ರ ನಿಜ ಹೇಳ್ಬಿಡಿ. 60 ಮೀಟರ್ ಉದ್ದ 30 ಮೀಟರ್ ಅಗಲದ ಪೂರ್ತಿ ರಿಂಕ್ ಅಂದ್ರೆ ಡೆಹ್ರಾಡೂನ್ ಕಡೆ ಹೋಗ್ಬೇಕು, ಶಿಮ್ಲಾದ್ದು ಚಳಿಗಾಲದಲ್ಲಿ ಮಾತ್ರ. ನಮ್ಮ ದೇಶದ ನ್ಯಾಷನಲ್ ಚಾಂಪಿಯನ್ ಆಗಿದ್ದ ತಾರಾ ಪ್ರಸಾದ್ ಕೂಡ ಹುಟ್ಟಿ ಬೆಳೆದು ಕಲಿತಿದ್ದು ಅಮೆರಿಕಾದಲ್ಲೇ.

---

ಸ್ಕೂಟಿ_ಅಮ್ಮ:

ಅಪ್ಡೇಟ್ ಕೊಡ್ತೀನಿ ಅಂದಿದ್ದೆ. ಭಾನುವಾರ ತಂಗಿ ಬಂದಿದ್ಲು. ಇಬ್ರೂ ಮಹಾರಾಜಾ ಪಾರ್ಕಿಗೆ ಹೋಗಿ ಎರಡು ಗಂಟೆ ಕೂತು ಬಂದ್ರು, ಚುರುಮುರಿ ನಂಗೂ ತಂದಿದ್ರು. ಮಂಡಿ ನೋವಿಲ್ಲ ಮೇಷ್ಟ್ರೇ, ದೇವರು ದೊಡ್ಡವನು. ಕಾಸ್ಟ್ಯೂಮ್ ವಿಷಯ ಸ್ವಲ್ಪ ಹೌದಂತೆ. ಸ್ಪೀಡ್ ಬೇಜಾರು ಅನ್ನೋದೂ ಹೌದು, ಮದನಿಕೆ ಅವ್ರೇ ನಿಮ್ಮ ಬಾಯಿಗೆ ಸಕ್ಕರೆ.

ಆದ್ರೆ ಮುಖ್ಯ ಕಾರಣ ಬೇರೆ. ನಾನು. ಪ್ರತಿ ದಿನ ಪ್ರಾಕ್ಟೀಸ್ ವಿಡಿಯೋ ಮಾಡಿ ಸ್ಟೇಟಸಿಗೆ ಹಾಕ್ತೀನಲ್ಲ, ಬಿದ್ರೂ ಹಾಕ್ತೀನಿ, ಮೂರನೇದು ಬಂದಾಗ "ನೆಕ್ಸ್ಟ್ ಟೈಮ್ ಗೋಲ್ಡ್" ಅಂತ ಹಾಕಿದ್ದೆ, ಅದನ್ನ ಕ್ಲಾಸಿನ ಹುಡುಗರು ಸ್ಕ್ರೀನ್‌ಶಾಟ್ ತೆಗೆದು ಆಡ್ಕೊಂಡಿದಾರೆ. ಮೂರು ತಿಂಗಳಿಂದ ಒಳಗೇ ಇಟ್ಕೊಂಡಿತ್ತು ಮಗು. ನಂಗೆ ಯಾವತ್ತೂ ಹೊಳೀಲೇ ಇಲ್ಲ, ನಾನು ಖುಷಿಗೆ ಹಾಕ್ತಿದ್ದೆ ಅಷ್ಟೇ.

ಎಲ್ಲಾ ಡಿಲೀಟ್ ಮಾಡಿದೀನಿ. ಕ್ಲಾಸಿಗೆ ಈ ತಿಂಗಳಿಂದ ಹೋಗ್ತಿಲ್ಲ. ಐದಕ್ಕೆ ನಂಗೇ ಎಚ್ಚರ ಆಗುತ್ತೆ, ಎದ್ದು ಕಾಫಿ ಮಾಡ್ಕೊಂಡು ಮಳೆ ನೋಡ್ತಾ ಕೂರ್ತೀನಿ, ಅವಳು ಏಳೂವರೆವರೆಗೂ ಮಲಗಿರ್ತಾಳೆ.

---

ಘಾಟ್_ಸೆಕ್ಷನ್ (ಸಕಲೇಶಪುರ):

ಒಳ್ಳೇದಾಯ್ತು ಮೇಡಂ. ತಪ್ಪು ತಿಳ್ಕೋಬೇಡಿ, ಆ 18 ಸಾವಿರದ ಶೂ ಸೈಜ್ ಎಷ್ಟು? ನನ್ನ ತಂಗಿ ಮಗಳಿಗೆ ಬೇಕಿತ್ತು, ಸುಮ್ನೆ ಇಟ್ರೆ ಕಾಲು ಬೆಳೆದು ಆಮೇಲೆ ಯಾರಿಗೂ ಆಗಲ್ಲ.

---

ಸ್ಕೂಟಿ_ಅಮ್ಮ:

ಸೈಜ್ 4. ಕೇಳ್ದೆ ಸಾರ್, ಕೊಡಲ್ಲ ಅಂತಿದಾಳೆ. ಬೇರಿಂಗಿಗೆ ಎಣ್ಣೆ ಹಾಕಿ ಬಟ್ಟೇಲಿ ಸುತ್ತಿ ಮಂಚದ ಕೆಳಗೆ ಇಟ್ಟಿದಾಳೆ.